ಘಟ್ಟ ಹತ್ತಿ ಕೋಲಾರಕ್ಕೆ: ಸೇವಾ ಸೈಕಲ್ ಜಾಥಾಕ್ಕೆ ಸಿದ್ಧತೆ ಹೇಗಿರಬೇಕು?

ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರು ಸಭೆ ಸೇರಿದಾಗ "ಈ ವರ್ಷ ಏನಾದರೂ ಬೇರೆ ಮಾಡೋಣ" ಎಂಬ ಮಾತು ಬರುವುದು ಸಹಜ. ಕ್ರಿಕೆಟ್ ಪಂದ್ಯಾಟ, ರಕ್ತದಾನ ಶಿಬಿರ, ವನಮಹೋತ್ಸವ ಇವೆಲ್ಲ ಆಗಿರುತ್ತವೆ. ಸೈಕಲ್ ಇರುವ ನಾಲ್ಕು ಮಂದಿ ಗೆಳೆಯರಿದ್ದರಂತೂ ದೂರದ ಸೈಕಲ್ ಜಾಥಾ ನಡೆಸಿ, ಅದರ ಮೂಲಕ ಬಡವರಿಗೆ ನೆರವು ಸಂಗ್ರಹಿಸುವ ಯೋಚನೆ ಬಂದೇ ಬರುತ್ತದೆ. ಯೋಚನೆ ಒಳ್ಳೆಯದೇ. ಆದರೆ ಟೀ-ಶರ್ಟಿನ ಬಣ್ಣ, ಬ್ಯಾನರಿನ ಅಳತೆ, ಉದ್ಘಾಟನೆಗೆ ಯಾರನ್ನು ಕರೆಯುವುದು ಎಂಬುದರಲ್ಲೇ ಮೂರು ಸಭೆಗಳು ಮುಗಿದುಹೋಗುತ್ತವೆ. ಸಿದ್ಧತೆ ಎಂದರೆ ಅದಲ್ಲ ಎಂಬುದನ್ನು ತಿಳಿಸಲು ಈ ಲೇಖನ.

ಉದಾಹರಣೆಗೆ ಒಂದು ದಾರಿಯನ್ನು ತೆಗೆದುಕೊಳ್ಳೋಣ. ನಮ್ಮ ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ, ಕುಣಿಗಲ್, ಬೆಂಗಳೂರು ದಾಟಿ, ಕೋಲಾರ ಮತ್ತು ಮುಳಬಾಗಿಲುಗಳ ಮೂಲಕ ತಮಿಳುನಾಡಿನ ವೆಲ್ಲೂರಿಗೆ ಹೋಗುತ್ತದೆ. ಹಿಂದೆ ಬೆಂಗಳೂರಿನವರೆಗಿನ ಭಾಗಕ್ಕೆ 48, ಅಲ್ಲಿಂದ ಮುಂದಕ್ಕೆ 4 ಎಂಬ ಸಂಖ್ಯೆ ಇತ್ತು. ಈಗ ಎರಡೂ ಒಂದೇ ಹೆದ್ದಾರಿ. ಅಂದರೆ ಬಿ.ಸಿ.ರೋಡಿನಲ್ಲಿ ನಾವು ದಿನವೂ ದಾಟುವ ರಸ್ತೆಯ ಇನ್ನೊಂದು ಭಾಗ ಕೋಲಾರದಲ್ಲಿದೆ. ಮಂಗಳೂರಿನಿಂದ ಕೋಲಾರಕ್ಕೆ ಸುಮಾರು 420 ಕಿ.ಮೀ. ಒಂದೇ ರಸ್ತೆಯ ಈ ತುದಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಆ ತುದಿಯಲ್ಲಿ ಸುಮಾರು 700 ಮಿ.ಮೀ. ಅಲ್ಲಿಗೇ ಏಕೆ ಹೋಗಬೇಕು ಎಂಬುದಕ್ಕೆ ಇದೇ ಉತ್ತರ.

ಯಾರಿಗಾಗಿ ಎಂಬುದು ಮೊದಲು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಇದೆ, ಆದರೆ ಅದು ಮಳೆಯ ನದಿ. ಹಿರಿಯರು ಕಟ್ಟಿಸಿದ ಕೆರೆಗಳೇ ಊರುಗಳಿಗೆ ಆಧಾರವಾಗಿದ್ದವು. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಬಂದವು. ಈಗ ಸಾವಿರ ಅಡಿಗೂ ಆಳಕ್ಕೆ ಕೊರೆಯಬೇಕಾದ ಊರುಗಳಿವೆ. ಅಷ್ಟು ಆಳದ ನೀರು ಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತದ್ದು. ಅದರಲ್ಲಿ ಕಲ್ಲಿನಿಂದ ಕರಗಿದ ಫ್ಲೋರೈಡ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ನಿಯಮ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳಲ್ಲಿಯೂ ಈ ಮಿತಿ ಮೀರಿದ ಬಾವಿಗಳು ಕಂಡುಬಂದಿವೆ. ಚಿಕ್ಕ ಮಕ್ಕಳು ಹಲವು ವರ್ಷ ಇಂಥ ನೀರು ಕುಡಿದರೆ ಹುಟ್ಟುವ ಶಾಶ್ವತ ಹಲ್ಲುಗಳ ಮೇಲೆ ಕಂದು ಕಲೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಇನ್ನೂ ಹೆಚ್ಚು ವರ್ಷ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ನಮ್ಮ ಕರಾವಳಿಯಲ್ಲಿ "ಕುದಿಸಿ ಕುಡಿಯಿರಿ" ಎಂದು ಸಲಹೆ ಕೊಡುತ್ತೇವಲ್ಲ, ಅದು ಇಲ್ಲಿ ನಡೆಯದು. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿದು ಬರುತ್ತಿದೆ. ಕೆರೆ ತುಂಬಿ ಅಂತರ್ಜಲ ಏರಲಿ ಎಂಬುದು ಅದರ ಉದ್ದೇಶ. ಅದು ನೇರ ಕುಡಿಯುವ ನೀರಲ್ಲ. ಊರುಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ಕೆಟ್ಟು ನಿಂತ ಘಟಕಗಳೂ ಇವೆ.

ಇಂಥ ಕಡೆಗೆ ಹಣ ಸಂಗ್ರಹಿಸಿ ಹೊರಟ ತಂಡ ಸಾಮಾನ್ಯವಾಗಿ ಏನು ಮಾಡುತ್ತದೆ? ಒಂದು ಶಾಲೆಗೆ ನೀರು ಶುದ್ಧೀಕರಿಸುವ ಯಂತ್ರ ಕೊಟ್ಟು, ಫೋಟೋ ತೆಗೆದು, ಮರಳುತ್ತದೆ. ಯಂತ್ರ ಕೆಟ್ಟದ್ದಲ್ಲ. ಆದರೆ ಅದರ ಫಿಲ್ಟರ್ ಬದಲಾಯಿಸಲು ಪ್ರತಿ ವರ್ಷ ಹಣ ಬೇಕು. ಮೇಲಾಗಿ ಆರ್.ಓ. ಯಂತ್ರ ಒಂದು ಪಾಲು ನೀರನ್ನು ಶುದ್ಧಮಾಡಿ ಉಳಿದದ್ದನ್ನು ಹೊರಗೆ ಚೆಲ್ಲುತ್ತದೆ. ನೀರೇ ಇಲ್ಲದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಬಟ್ಟೆ ಹೊದ್ದು ಮೂಲೆ ಸೇರಿದ ಇಂಥ ಯಂತ್ರಗಳನ್ನು ನಾವೆಲ್ಲ ಒಂದಲ್ಲ ಒಂದು ಶಾಲೆಯಲ್ಲಿ ಕಂಡಿದ್ದೇವೆ.

ಮಳೆನೀರಿನಲ್ಲಿ ಫ್ಲೋರೈಡಿನ ತೊಂದರೆ ಇಲ್ಲ. ಲೆಕ್ಕ ಹಾಕಿ ನೋಡಿ: 100 ಚದರ ಮೀಟರ್ ಚಾವಣಿಯ ಮೇಲೆ 700 ಮಿ.ಮೀ. ಮಳೆ ಬಿದ್ದರೆ 70,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 56,000 ಲೀಟರ್ ಉಳಿಯಿತು. 60 ಮಕ್ಕಳಿರುವ ಶಾಲೆಯಲ್ಲಿ ಮಗುವಿಗೆ ದಿನಕ್ಕೆ ಒಂದೂವರೆ ಲೀಟರಿನಂತೆ 220 ದಿನಗಳಿಗೆ ಬೇಕಾದದ್ದು 19,800 ಲೀಟರ್ ಮಾತ್ರ. ಮಳೆಯಿಲ್ಲದ ತಿಂಗಳುಗಳಲ್ಲಿ ನೂರು ದಿನ ಶಾಲೆ ನಡೆಯುತ್ತದೆ ಎಂದುಕೊಂಡರೆ 9,000 ಲೀಟರ್ ಶೇಖರಿಸಿಡಬೇಕು. ಅಂದರೆ ಹತ್ತು ಸಾವಿರ ಲೀಟರಿನ ಮುಚ್ಚಿದ ತೊಟ್ಟಿ, ಚಾವಣಿಗೆ ದೋಣಿ ಪೈಪು, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ಒಂದು ವಾಲ್ವು, ಮರಳಿನ ಸೋಸುಗುಂಡಿ. ಕಸ, ಹಕ್ಕಿಹಿಕ್ಕೆ ಸೇರುವುದರಿಂದ ಈ ನೀರನ್ನು ಮಾತ್ರ ಕುದಿಸಿ ಅಥವಾ ಕ್ಲೋರಿನ್ ಹಾಕಿ ಕುಡಿಯಬೇಕು. ಇಷ್ಟು ಕೆಲಸ ಒಂದು ಧರ್ಮಕೇಂದ್ರದ ಯುವಜನರ ಕೈಗೆ ಎಟುಕುವಂಥದ್ದು.

ಆದರೆ ಇದನ್ನೂ ನಾವೇ ಇಲ್ಲಿ ಕುಳಿತು ತೀರ್ಮಾನಿಸಬಾರದು. ಕೋಲಾರ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ. ಹೊರಡುವುದಕ್ಕೆ ನಾಲ್ಕು ತಿಂಗಳ ಮೊದಲೇ ಅಲ್ಲಿಯ ಧರ್ಮಗುರುಗಳಿಗೆ, ಕನ್ಯಾಸ್ತ್ರೀ ಮಠಗಳಿಗೆ ಪತ್ರ ಬರೆದು, ಇಬ್ಬರು ಹೋಗಿ ನೋಡಿ ಬರಬೇಕು. ಶಾಲೆಯ ಚಾವಣಿ ಎಂಥದ್ದು, ಆಡಳಿತದವರ ಒಪ್ಪಿಗೆ ಇದೆಯೇ, ತೊಟ್ಟಿಯ ಬೀಗದ ಕೈ ಯಾರಲ್ಲಿರುತ್ತದೆ, ವರ್ಷಕ್ಕೊಮ್ಮೆ ತೊಳೆಯುವವರು ಯಾರು ಎಂದು ಕೇಳಬೇಕು. "ನಮಗೆ ತೊಟ್ಟಿ ಬೇಡ, ಇದ್ದ ಘಟಕವನ್ನೇ ದುರಸ್ತಿ ಮಾಡಿಕೊಡಿ" ಎಂದು ಅವರು ಹೇಳಿದರೆ ಅದನ್ನೇ ಮಾಡಬೇಕು.

ಹಣದ ಲೆಕ್ಕ

ಇದು ಮುಜುಗರದ ವಿಷಯ, ಆದುದರಿಂದಲೇ ಮೊದಲು ಮಾತನಾಡಿಬಿಡಬೇಕು. ಸವಾರರ ಊಟ, ವಸತಿ, ಬೆಂಗಾವಲು ವಾಹನದ ಡೀಸೆಲ್, ಟೀ-ಶರ್ಟು ಇವಕ್ಕೆ ದಾನಿಗಳ ಹಣದಿಂದ ಒಂದು ರೂಪಾಯಿಯೂ ಹೋಗಬಾರದು. ಸವಾರರು ತಮ್ಮ ಖರ್ಚನ್ನು ತಾವೇ ಹಾಕಿಕೊಳ್ಳಲಿ, ಅಥವಾ ಅದಕ್ಕೆಂದೇ ಬೇರೆ ಪ್ರಾಯೋಜಕರನ್ನು ಹುಡುಕಲಿ. ವಾಳೆಯ ಗುರಿಕಾರರು ಮನೆಮನೆಗೆ ಹೋಗಿ ಸಂಗ್ರಹಿಸಿದ ನೂರು ರೂಪಾಯಿ ಹೋಟೆಲಿನ ಬಿಲ್ಲಿಗೆ ಹೋಯಿತೆಂದು ಒಮ್ಮೆ ಮಾತು ಬಂದರೆ, ಮುಂದಿನ ಹತ್ತು ವರ್ಷ ಆ ಧರ್ಮಕೇಂದ್ರದಲ್ಲಿ ಯಾರೂ ಕೈ ಬಿಚ್ಚುವುದಿಲ್ಲ.

ಸಂಗ್ರಹಕ್ಕೆ ಧರ್ಮಗುರುಗಳ ಮತ್ತು ಪಾಲನಾ ಮಂಡಳಿಯ ಒಪ್ಪಿಗೆ ಬರಹದಲ್ಲಿರಲಿ. ಯಾವುದೇ ಸವಾರನ ಸ್ವಂತ ಮೊಬೈಲ್ ಸಂಖ್ಯೆಗೆ ಹಣ ಕಳುಹಿಸಲು ಹೇಳಬಾರದು. ನೋಂದಾಯಿತ ಟ್ರಸ್ಟಿನ ಅಥವಾ ಸಂಘದ ಬ್ಯಾಂಕ್ ಖಾತೆಯೇ ಆಗಬೇಕು. ದಾನಿಗಳು ಆದಾಯ ತೆರಿಗೆಯ 80ಜಿ ರಸೀದಿ ಕೇಳಬಹುದು. ಆ ಸಂಸ್ಥೆಗೆ ಅದರ ನೋಂದಣಿ ಇದ್ದರೂ, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯವಿದೆ. ಕೊಲ್ಲಿಯಲ್ಲೋ ಕೆನಡಾದಲ್ಲೋ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಜಾಥಾದ ಸುದ್ದಿ ವಾಟ್ಸಾಪಿನಲ್ಲಿ ಹೋದ ಕೂಡಲೇ ಅಲ್ಲಿಂದ ಹಣ ಕಳುಹಿಸುತ್ತೇವೆ ಎನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಓ.ಸಿ.ಐ. ಕಾರ್ಡು ಇದ್ದರೂ ಸಹ, ಕಾನೂನಿನ ಕಣ್ಣಿಗೆ ವಿದೇಶಿ ಮೂಲವೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ನೋಂದಣಿ ಇಲ್ಲದ ಸಂಘ ಅದನ್ನು ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಸಂಸ್ಥೆಯೂ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಮಂಗಳೂರಿನ ಖಾತೆಗೆ ಬಂದದ್ದನ್ನು ಕೋಲಾರಕ್ಕೆ ಕೊಟ್ಟರಾಯಿತು ಎಂದು ಎಣಿಸಿದರೆ ಸಂಸ್ಥೆಯ ನೋಂದಣಿಗೇ ಕುತ್ತು. ಪ್ರೀತಿಯಿಂದ ಕಳುಹಿಸುವ ಅಣ್ಣನಿಗೆ "ಬೇಡ" ಎನ್ನುವುದು ಕಷ್ಟ, ಆದರೂ ಹೇಳಲೇಬೇಕು.

ದೇಹ ಮತ್ತು ಸೈಕಲ್

ಹನ್ನೆರಡು ವಾರಗಳ ಅಭ್ಯಾಸ ಸಾಕು, ಆದರೆ ಬಿಡದೆ ಮಾಡಬೇಕು. ವಾರದಲ್ಲಿ ಎರಡು ದಿನ ಬೆಳಿಗ್ಗೆ ಒಂದು ಗಂಟೆ, ಶನಿವಾರ ಅಥವಾ ಭಾನುವಾರ ಬಲಿಪೂಜೆಯ ನಂತರ ದೂರದ ಸವಾರಿ. ಅದು 30 ಕಿ.ಮೀ.ನಿಂದ ಆರಂಭವಾಗಿ ಹತ್ತನೆಯ ವಾರಕ್ಕೆ 90 ಕಿ.ಮೀ. ತಲಪಲಿ. ಕೊನೆಯ ತಿಂಗಳಲ್ಲಿ ಎರಡು ಬಾರಿಯಾದರೂ ಶನಿವಾರ, ಭಾನುವಾರ ಎರಡೂ ದಿನ ಸತತವಾಗಿ ಓಡಿಸಬೇಕು. ಒಂದು ದಿನ ನೂರು ಕಿ.ಮೀ. ಓಡಿಸುವುದು ಬಹಳ ಮಂದಿಗೆ ಸಾಧ್ಯ. ಮರುದಿನ ಬೆಳಿಗ್ಗೆ ಅದೇ ಸೀಟಿನ ಮೇಲೆ ಮತ್ತೆ ಕುಳಿತಾಗಲೇ ನಿಜ ಗೊತ್ತಾಗುವುದು.

ಹೊಸ ದುಬಾರಿ ಸೈಕಲ್ ಬೇಕೇ ಬೇಕೆಂದಿಲ್ಲ, ಗೇರು ಬೇಕು. ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡದು ಇರುವ ಸೈಕಲ್ ಘಟ್ಟದಲ್ಲಿ ಮೊಣಕಾಲನ್ನು ಉಳಿಸುತ್ತದೆ. ಸೀಟಿನ ಎತ್ತರ ಸರಿಯಿದೆಯೇ ನೋಡಲು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ, ಕಾಲು ನೇರವಾಗಬೇಕು. ಪ್ರತಿಯೊಬ್ಬರಲ್ಲೂ ಎರಡು ಟ್ಯೂಬು, ಪಂಪು, ಪಂಕ್ಚರ್ ಸಾಮಗ್ರಿ ಇರಲಿ. ಪಂಕ್ಚರ್ ಹಾಕಲು ತಂಡದ ಎಲ್ಲರಿಗೂ ಗೊತ್ತಿರಲಿ, ಒಬ್ಬನಿಗೆ ಮಾತ್ರವಲ್ಲ. ಹೊಸ ಬ್ರೇಕು ರಬ್ಬರ್, ಹಿಂದೆ ಮಿನುಗುವ ಕೆಂಪು ದೀಪ, ಹೆಲ್ಮೆಟ್ ಇಲ್ಲದವರನ್ನು ಹೊರಡಿಸಲೇಬಾರದು. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ಅಭ್ಯಾಸ ಆರಂಭಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಹದಿನೆಂಟು ತುಂಬದವರನ್ನು ಇಷ್ಟು ದೂರಕ್ಕೆ ಸೇರಿಸಿಕೊಳ್ಳದಿರುವುದೇ ಒಳ್ಳೆಯದು. ಅವರು ಬಿ.ಸಿ.ರೋಡಿನ ತನಕ ಜೊತೆಗೆ ಬರಲಿ.

ಘಟ್ಟ ಒಂದು ದಿನದ್ದು, ಬಯಲು ಆರು ದಿನದ್ದು

ಎಲ್ಲರೂ ಹೆದರುವುದು ಶಿರಾಡಿಗೆ. ಗುಂಡ್ಯದಿಂದ ಸುಮಾರು 26 ಕಿ.ಮೀ. ಏರು; ಘಟ್ಟದ ಮೇಲಿನ ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಸರಾಸರಿ ನೂರು ಮೀಟರಿಗೆ ಮೂರು ಮೀಟರಿನಷ್ಟು ಏರು. ಕಡಿದಾದುದಲ್ಲ, ಉದ್ದವಾದುದು ಅಷ್ಟೆ. ಮೊದಲ ದಿನ ಮಂಗಳೂರಿನಿಂದ ನೆಲ್ಯಾಡಿಯವರೆಗೆ ಹೋಗಿ ತಂಗಿ, ಮರುದಿನ ಬೆಳಕು ಹರಿಯುತ್ತಿದ್ದಂತೆ ಹೊರಟರೆ ಮಧ್ಯಾಹ್ನದೊಳಗೆ ಮೇಲೆ ತಲಪಬಹುದು. ಇಲ್ಲಿ ಭಯಪಡಬೇಕಾದದ್ದು ಏರಿಗಲ್ಲ, ಮಂಗಳೂರಿನಿಂದ ಹೊರಡುವ ಗ್ಯಾಸ್ ಮತ್ತು ತೈಲ ಟ್ಯಾಂಕರುಗಳಿಗೆ. ಒಬ್ಬರ ಹಿಂದೆ ಒಬ್ಬರಂತೆ ಎಡಬದಿಯಲ್ಲೇ ಹೋಗಬೇಕು, ತಿರುವಿನಲ್ಲಿ ನಿಲ್ಲಬಾರದು, ಕಿವಿಗೆ ಇಯರ್‌ಫೋನ್ ಕೂಡದು. ಸುಸ್ತಾದರೆ ಇಳಿದು ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವಿಲ್ಲ. ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಜರಿದು ಇಲ್ಲಿ ಸಂಚಾರವೇ ನಿಂತಿತ್ತು.

ನಿಜವಾದ ಪರೀಕ್ಷೆ ಹಾಸನ ದಾಟಿದ ಮೇಲೆ. ನಾವು ಕರಾವಳಿಯವರು ಬೆವರಿನಲ್ಲಿ ತೊಯ್ದು ಅಭ್ಯಾಸವಾದವರು. ಅಂಗಿ ಒದ್ದೆಯಾದರೆ ನೀರು ಕುಡಿಯಬೇಕೆಂದು ತಿಳಿಯುತ್ತದೆ. ಬಯಲುಸೀಮೆಯ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗದು, ಚರ್ಮದ ಮೇಲೆಯೇ ಆರಿಹೋಗುತ್ತದೆ. ಅಂಗಿ ಒಣಗಿದೆ, ಆದುದರಿಂದ ಆಯಾಸವಿಲ್ಲ ಎಂದುಕೊಂಡವನು ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಕಾಲು ಹಿಡಿದು ಕೂರುತ್ತಾನೆ. ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೊಮ್ಮೆ ಎರಡು ಗುಟುಕು ಕುಡಿಯಬೇಕು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಇಲ್ಲಿ ಚಮಚವೆಂದರೆ ಟೀ ಚಮಚ. ಅಂಗಡಿಯ ಬಣ್ಣದ ಪಾನೀಯಕ್ಕಿಂತ ಇದು ಎಷ್ಟೋ ಮೇಲು. ಮೂತ್ರದ ಬಣ್ಣ ಕಡು ಹಳದಿಯಾದರೆ ಆ ದಿನದ ಸವಾರಿ ಸಾಕು ಎಂದು ತಿಳಿಯಬೇಕು. ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣು, ಚಿಕ್ಕಿ, ಖರ್ಜೂರ ಏನಾದರೂ ಬಾಯಿಗೆ ಬೀಳಲಿ.

ಇನ್ನೊಂದು, ಗಾಳಿ. ತಪಸ್ಸುಕಾಲ ದಾನಕ್ಕೆ ಸೂಕ್ತ ಕಾಲವೆಂದು ಮಾರ್ಚಿನಲ್ಲಿ ಹೊರಡಬೇಕೆನ್ನುವವರಿದ್ದಾರೆ. ಆಗ ಬಯಲಿನ ಬಿಸಿಲು ತಡೆಯಲಾಗದು. ಹಣ ಸಂಗ್ರಹ ತಪಸ್ಸುಕಾಲದಲ್ಲಾಗಲಿ, ಸವಾರಿ ಮುಂದಿನ ಚಳಿಗಾಲದಲ್ಲಾಗಲಿ. ಹಾಗೆ ಮಾಡಿದರೆ ನಡುವೆ ಸಿದ್ಧತೆಗೆ ಬೇಕಾದಷ್ಟು ಸಮಯವೂ ಸಿಗುತ್ತದೆ. ಆದರೆ ಡಿಸೆಂಬರ್, ಜನವರಿಯಲ್ಲಿ ಮೈಸೂರು ಬಯಲಿನಲ್ಲಿ ಮೂಡಣ ಗಾಳಿ ಬೀಸುತ್ತದೆ, ನಾವು ಹೋಗುವುದೂ ಮೂಡಣಕ್ಕೆ. ಸಮತಟ್ಟು ರಸ್ತೆಯಲ್ಲಿಯೂ ಘಟ್ಟ ಹತ್ತಿದಂತೆ ಆಗುತ್ತದೆ. ಇದಕ್ಕೆ ಉಪಾಯವೆಂದರೆ ಗೆಳೆಯರೇ. ಒಬ್ಬರ ಹಿಂದೆ ಒಬ್ಬರು ಹತ್ತಿರವಾಗಿ ಸಾಗಿದರೆ ಮುಂದಿನವನಿಗೆ ಮಾತ್ರ ಪೂರ್ತಿ ಗಾಳಿ. ಐದು ನಿಮಿಷಕ್ಕೊಮ್ಮೆ ಮುಂದಿನವನು ಹಿಂದಕ್ಕೆ ಬರಲಿ. ಆದರೆ ಈ ರೀತಿ ಸಾಗುವುದನ್ನು ಊರಿನಲ್ಲೇ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿಕೊಂಡಿರಬೇಕು, ಹೆದ್ದಾರಿಯಲ್ಲಿ ಕಲಿಯುವುದಲ್ಲ. ತಂಡದ ವೇಗ ಅತ್ಯಂತ ನಿಧಾನದವನ ವೇಗವಾಗಿರಲಿ. ಅನುಭವಸ್ಥನೊಬ್ಬ ಯಾವಾಗಲೂ ಎಲ್ಲರಿಗಿಂತ ಹಿಂದೆ ಇರಬೇಕು. ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ಆರಂಭಿಸಿದ ಟೂರ್ ಆಫ್ ನೀಲಗಿರೀಸ್ ಸವಾರಿಯಲ್ಲಿಯೂ ಬೆಂಗಾವಲು ವಾಹನ, ವೈದ್ಯಕೀಯ ನೆರವು ಜೊತೆಗಿರುತ್ತದೆ. ಪಳಗಿದವರಿಗೇ ಅಷ್ಟು ಬೇಕಾದರೆ ನಮಗೆ ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು, ಒಂದು ವ್ಯಾನು ಖಂಡಿತ ಬೇಕು.

ಕುಣಿಗಲ್ ಆದ ಮೇಲೆ ಬೆಂಗಳೂರು ನಗರದೊಳಗೆ ನುಗ್ಗುವ ಬದಲು ನೆಲಮಂಗಲದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ವಿಜಯಪುರ, ಎಚ್.ಕ್ರಾಸ್, ವೇಮಗಲ್ ಮೂಲಕ ಕೋಲಾರ ಸೇರುವುದು ಒಳ್ಳೆಯದು. ತುಸು ಸುತ್ತು, ಆದರೆ ಜೀವಕ್ಕೆ ನೆಮ್ಮದಿ. ಮಾಲೂರಿನ ಬಳಿ ಹಾದುಹೋಗುವ ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇ ಖಾಲಿಯಾಗಿ ಆಕರ್ಷಕವಾಗಿ ಕಂಡರೂ ಸೈಕಲ್‌ಗೆ ಅಲ್ಲಿ ಪ್ರವೇಶವಿಲ್ಲ.

ಕೋಲಾರ ತಲಪಿದ ದಿನ ಅರ್ಧ ದಿನ ವಿಶ್ರಾಂತಿ ಇರಲಿ. ಊರ ಪಕ್ಕದ ಅಂತರಗಂಗೆ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಬುಗ್ಗೆಯ ನೀರು ಬೀಳುತ್ತದೆ. ಕೆಳಗಿನ ಊರುಗಳಲ್ಲಿ ಸಾವಿರ ಅಡಿ ಕೊರೆದರೂ ಸಿಗದ ನೀರು ಬೆಟ್ಟದ ಮೇಲೆ ತಾನಾಗಿ ಬರುವುದನ್ನು ಕಂಡಾಗ ಆಶ್ಚರ್ಯವಾಗದಿರದು. ಮರುದಿನ ಮಾವಿನ ತೋಪುಗಳ ನಡುವೆ ಶ್ರೀನಿವಾಸಪುರ, ಅಲ್ಲಿಂದ ಮುಳಬಾಗಿಲು. ಮುಳಬಾಗಿಲಿನ ದೋಸೆಯನ್ನು ತಿನ್ನದೆ ಬಂದರೆ ಗೆಳೆಯರು ಕ್ಷಮಿಸುವುದಿಲ್ಲ. ಅದರ ಮರುದಿನ ಕೋಲಾರದ ಮೂಲಕ ಇಟ್ಟಿಗೆ, ಹೆಂಚುಗಳ ಊರಾದ ಮಾಲೂರು. ಟೊಮೆಟೊ, ಮಾವಿನ ಲಾರಿಗಳು ಬೆಳಗಿನ ಜಾವವೇ ಓಡಾಡುವುದರಿಂದ ಪೂರ್ತಿ ಬೆಳಕಾಗದೆ ಹೊರಡಬಾರದು. ಈ ಎರಡು ದಿನ ತಂಡ ದಾರಿಯ ಶಾಲೆಗಳಲ್ಲಿ ನಿಂತು ಮಕ್ಕಳೊಂದಿಗೆ ಮಾತನಾಡಲಿ. ಅವರ ಕುಡಿಯುವ ನೀರನ್ನೇ ಒಂದು ಲೋಟ ಕುಡಿದು ನೋಡಲಿ. ಎರಡು ದಿನ ಕುಡಿದರೆ ಫ್ಲೋರೈಡಿನಿಂದ ನಮಗೆ ಏನೂ ಆಗುವುದಿಲ್ಲ. ಅದನ್ನೇ ಹತ್ತು ವರ್ಷ ಕುಡಿಯುವವರು ಎದುರಿಗೆ ನಿಂತಿರುತ್ತಾರೆ.

ಸೈಕಲ್‌ಗಳ ಆಶೀರ್ವಾದದ ದಿನ ಹೇಳಲು ಯೋಗ್ಯವಾದ ಎರಡು ವಿಷಯಗಳಿವೆ. ಇಟಲಿಯ ಕೋಮೊ ಸರೋವರದ ಬಳಿಯ ಗಿಸಾಲೋ ಬೆಟ್ಟದ ಮೇಲೆ ಮಾತೆ ಮರಿಯಳ ಚಿಕ್ಕ ದೇವಾಲಯವಿದೆ. ಜಗದ್ಗುರು 12ನೇ ಪಿಯುಸ್ 1949ರಲ್ಲಿ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಘೋಷಿಸಿದರು. ಹೆಸರಾಂತ ಸವಾರರು ತಮ್ಮ ಸೈಕಲ್‌ಗಳನ್ನು ಅಲ್ಲಿ ಕಾಣಿಕೆಯಾಗಿ ಒಪ್ಪಿಸಿದ್ದಾರೆ. ಇನ್ನೊಂದು, ಜೀನೋ ಬಾರ್ತಲಿಯ ವಿಷಯ. 1938 ಮತ್ತು 1948ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಈ ಭಕ್ತ ಕಥೋಲಿಕ, ಯುದ್ಧಕಾಲದಲ್ಲಿ ಅಭ್ಯಾಸದ ನೆಪದಲ್ಲಿ ಫ್ಲಾರೆನ್ಸ್, ಅಸಿಸಿಗಳ ನಡುವೆ ಸೈಕಲ್ ಓಡಿಸುತ್ತಾ ಯೆಹೂದ್ಯರ ಜೀವ ಉಳಿಸುವ ಕಾಗದಪತ್ರಗಳನ್ನು ಸೈಕಲಿನ ಕೊಳವೆಯೊಳಗೆ ಅಡಗಿಸಿ ಸಾಗಿಸಿದರೆಂದು ಯಾದ್ ವಾಶೆಮ್ ಸಂಸ್ಥೆ 2013ರಲ್ಲಿ ಅವರನ್ನು ಗೌರವಿಸಿತು. ಬದುಕಿದ್ದಾಗ ಅವರು ಇದನ್ನು ಹೇಳಿಕೊಂಡವರಲ್ಲ. ಬ್ಯಾನರಿನ ಅಳತೆಯ ಚರ್ಚೆ ಉದ್ದವಾದಾಗ ಇದನ್ನು ನೆನಪಿಸಬಹುದು.

ಮರಳುವಾಗ ಮಾಲೂರಿನಿಂದ ಬೆಂಗಳೂರಿಗೆ ರೈಲಿದೆ, ಅಲ್ಲಿಂದ ಮಂಗಳೂರಿಗೆ ರಾತ್ರಿ ರೈಲು. ಸೈಕಲ್‌ಗಳನ್ನು ಲಗೇಜು ಬೋಗಿಯಲ್ಲಿ ಮುಂಚಿತವಾಗಿ ಬುಕ್ ಮಾಡಿ, ಹ್ಯಾಂಡಲಿಗೂ ಚೌಕಟ್ಟಿಗೂ ಹೆಸರು ಬರೆದ ರಟ್ಟು ಕಟ್ಟಬೇಕು. ಬಂದ ಹದಿನೈದು ದಿನದೊಳಗೆ ಪೂರ್ತಿ ಲೆಕ್ಕ, ರಸೀದಿ ಸಂಖ್ಯೆಗಳ ಸಹಿತ, ಚರ್ಚಿನ ಸೂಚನಾ ಫಲಕದಲ್ಲಿ ಬರಲಿ. ತೊಟ್ಟಿಯ ಹಣವನ್ನು ಒಮ್ಮೆಗೇ ಕೊಡದೆ ಕೆಲಸ ನಡೆದಂತೆ ಕೊಡುವುದೆಂದು ಮೊದಲೇ ಮಾತಾಗಿರಬೇಕು. ಕೊನೆಯ ಕಂತು ಜೂನಿನ ಮೊದಲ ಒಳ್ಳೆಯ ಮಳೆ ಬಿದ್ದು, ತೊಟ್ಟಿಗೆ ನೀರು ಬಂತೆಂದು ಶಾಲೆಯ ಮುಖ್ಯೋಪಾಧ್ಯಾಯರು ತಿಳಿಸಿದ ಮೇಲೆ ಹೋಗಲಿ.